ಹನಿ ಎಣಿಸಿದ ರಾತ್ರಿಗಳು

ದಾವಣಗೆರೆಯ ಹೆಸರು ನಾಡಿನಲ್ಲಿ ಹಬ್ಬಿದುದು ಮೊದಲು ಹತ್ತಿಯ ಗಿರಣಿಗಳಿಂದ, ಅನಂತರ ವಿದ್ಯಾಸಂಸ್ಥೆಗಳಿಂದ, ಅವುಗಳಲ್ಲಿಯೂ ವಿಶೇಷವಾಗಿ ವೈದ್ಯವಿದ್ಯೆಯಿಂದ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಚಿತ್ರದುರ್ಗ, ಹಾವೇರಿ, ಬಳ್ಳಾರಿಗಳ ಕಡೆಯ ರೋಗಿಗಳು ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಬಂದಿಳಿದು ಆಸ್ಪತ್ರೆಯ ದಾರಿ ಕೇಳುವುದು ಇಲ್ಲಿನ ನಿತ್ಯದ ನೋಟವಾಯಿತು. ಎಂಥ ಅಪರಾತ್ರಿಯಲ್ಲಿ ಬಂದರೂ ಎಲ್ಲಿಯೋ ಒಂದು ಬಾಗಿಲು ತೆರೆದಿದ್ದೀತೆಂಬ ಧೈರ್ಯ ಸುತ್ತಣ ಹಳ್ಳಿಗಳವರಿಗೆ ಉಂಟಾಯಿತು. ಆ ಧೈರ್ಯವು ಮನುಷ್ಯರ ಪಾಲಿಗೆ ಬಂದಷ್ಟು ಬೇಗನೆ ಅವರ ಮನೆಯ ನಾಯಿಬೆಕ್ಕುಗಳ ಪಾಲಿಗೆ ಬರಲಿಲ್ಲ. ನಾನು ದೇವರಾಜ ಅರಸು ಬಡಾವಣೆಯಲ್ಲಿ ಮನೆ ಮಾಡಿದ ಕಾಲಕ್ಕೆ, ಅಂದರೆ ದಾವಣಗೆರೆಯು ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಣ ಊರಾಗಿದ್ದು 1997ರ ವಿಭಜನೆಯನ್ನು ಕಾಣದೆ ಇದ್ದ ದಿನಗಳಲ್ಲಿ, ಇರುಳಿನ ಹೊತ್ತು ಸಾಕುಪ್ರಾಣಿಗೆ ಪ್ರಾಣಸಂಕಟವೊದಗಿದ ಮನೆಯವರು ಬೆಳಗಾಗುವವರೆಗೆ ಕಾಯಬೇಕಾಗಿತ್ತು, ಇಲ್ಲವೆ ಪರಿಚಯದ ಪಶುವೈದ್ಯನೊಬ್ಬನ ಬಾಗಿಲನ್ನು ತಟ್ಟಬೇಕಾಗಿತ್ತು. ಹಾಗೆ ತಟ್ಟಲ್ಪಟ್ಟ ಬಾಗಿಲುಗಳಲ್ಲಿ ನನ್ನ ಮನೆಯದೂ ಒಂದು.

ನಾನು ವಿದ್ಯಾರ್ಥಿಯಾಗಿದ್ದುದು ಎಪ್ಪತ್ತರ ದಶಕದ ಮೊದಲಲ್ಲಿ, 1958ರಲ್ಲಿ ಆರಂಭವಾಗಿದ್ದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಅಂದಿನ ಪಾಠಗಳ ಬಹುಭಾಗವು ದನ, ಎಮ್ಮೆ, ಕುರಿಗಳಿಗೆ ಸಂದಿತ್ತು. ದೊಡ್ಡರೋಗ, ಗಳಲೆರೋಗ, ಚಪ್ಪೆರೋಗಗಳ ಲಕ್ಷಣಗಳನ್ನು ನಾವು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲವರಾಗಿದ್ದೆವು. ಒಕ್ಕಲುತನವೇ ಬದುಕಾಗಿದ್ದ ನಾಡಿನಲ್ಲಿ ಅದು ಯುಕ್ತವಾಗಿಯೇ ಇದ್ದಿತು. ಕನ್ನಡದ ಹಿಂದಿನ ಶಾಸ್ತ್ರಕಾರರ ದೃಷ್ಟಿಯೂ ಅತ್ತಲೇ ಹರಿದಿತ್ತು: ಚಾಲುಕ್ಯರ ಕಾಲದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದನು, ಅಭಿನವಚಂದ್ರನು ಅಶ್ವವೈದ್ಯವನ್ನು ರಚಿಸಿದನು. ನಾಯಿಗೆ ದೊರೆತುದು ಶಿಲಾಶಾಸನ. ಹತ್ತನೆಯ ಶತಮಾನದ ನಡುಭಾಗದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿದ್ದಾಗ ಹುಟ್ಟಿದ ಆತಕೂರಿನ ಶಾಸನದಲ್ಲಿ, ಮಣಲೇರನೆಂಬ ವೀರನು ಗಂಗ ಬೂತುಗನಿಂದ ಬೇಡಿ ಪಡೆದುಕೊಂಡ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಅದರೊಂದಿಗೆ ತಾನೂ ಸತ್ತುದನ್ನು ಹೇಳಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ಇತಿಹಾಸಜ್ಞರ ಕಣ್ಣಿಗೆ ಬೀಳತಕ್ಕ ಸಂಗತಿಗಳನ್ನು ಬಿಟ್ಟು ನನ್ನ ಮನಸ್ಸು ಆ ನಾಯಿಯ ಗಾಯದ ಕಡೆಗೇ ಹೋಗುತ್ತದೆ. ಕೋರೆದಾಡೆ ತಾಗಿದ ಹೊಟ್ಟೆ ಹೇಗೆ ಬಿರಿದಿರಬಹುದು, ಹೊರಬಿದ್ದ ಕರುಳನ್ನು ಒಣಗಗೊಡದೆ ಒದ್ದೆಯ ಶುಭ್ರವಸ್ತ್ರದಲ್ಲಿ ಸುತ್ತಿ ತರುವವರಿದ್ದರೆ, ರಕ್ತ ಸೋರಿ ಬತ್ತಿದ ನಾಳಗಳಿಗೆ ಬೇಗನೆ ದ್ರವವನ್ನೇರಿಸುವವರಿದ್ದರೆ, ಕಾಳಿಯು ಇನ್ನೂ ಕೆಲವು ಬೇಟೆಗಳನ್ನು ಕಾಣಬಹುದಾಗಿತ್ತಲ್ಲವೆ ಎಂಬ ಯೋಚನೆ ಬಿಡದೆ ಬರುತ್ತದೆ.

ನಾಯಿಬೆಕ್ಕುಗಳ ತುರ್ತುಚಿಕಿತ್ಸೆಯು ಪ್ರತ್ಯೇಕ ವಿದ್ಯೆಯಾಗಿ ಬೆಳೆದುದು ತೀರ ಈಚೆಗೆ. ಅಮೆರಿಕದಲ್ಲಿ ಆ ವಿಷಯದಲ್ಲಿ ಆಸಕ್ತರಾದ ಪಶುವೈದ್ಯರ ಸಂಘ ಕೂಡಿದುದು 1978ರಲ್ಲಿ; ಅದಕ್ಕೊಂದು ತಜ್ಞಪದವಿಯ ಮನ್ನಣೆ ದೊರೆತುದು 1989ರಲ್ಲಿ. ನಿಂತುಹೋದ ಹೃದಯವನ್ನು ಮತ್ತೆ ನಡೆಸುವ ಕ್ರಮವನ್ನು ಕುರಿತು ನಾಯಿಬೆಕ್ಕುಗಳಿಗೆಂದೇ ಪರಿಶೀಲಿತವಾದ ನಿಯಮಗಳು ಪ್ರಕಟವಾಗಬೇಕಾದರೆ 2012 ಬರಬೇಕಾಯಿತು: ಪ್ರಾಣಿಯನ್ನು ಮಗ್ಗುಲಾಗಿ ಮಲಗಿಸಿ, ನಿಮಿಷಕ್ಕೆ 100ರಿಂದ 120 ಸಲ ಎದೆಯನ್ನು ಅದರ ಅಗಲದ ಮೂರನೆಯ ಒಂದು ಭಾಗದಷ್ಟು ಇಲ್ಲವೆ ತುಸು ಹೆಚ್ಚಾಗಿ ಒತ್ತಬೇಕೆಂದು ಅವು ವಿಧಿಸುತ್ತವೆ. ಈ ನಿಯಮಗಳು ನನ್ನ ಸೇವಾಕಾಲದ ಬಹುಭಾಗ ಕಳೆದ ಮೇಲೆ ಬಂದ ತಿಳಿವಳಿಕೆ. ಅದಕ್ಕೆ ಮುಂಚೆ ನಮಗೆ ಆಧಾರವಾಗಿದ್ದುದು ಮಾನವವೈದ್ಯರಿಂದ ಎರವಲು ತಂದ ಸಲಕರಣೆ, ದೊಡ್ಡ ಆಸ್ಪತ್ರೆಗಳೆದುರಿನ ಅಂಗಡಿಗಳಲ್ಲಿ ರಾತ್ರಿಯೂ ಸಿಗುತ್ತಿದ್ದ ಔಷಧ, ಮತ್ತು ಆ ಪ್ರಾಣಿಯನ್ನು ಸಾಕಿದವರ ಕಣ್ಣು.

ಈ ಕಡೆಯ ಮಾತನ್ನು ನಾನು ಉಪಚಾರಕ್ಕಾಗಿ ಹೇಳುತ್ತಿಲ್ಲ. ರೋಗವನ್ನು ಮರೆಮಾಚುವುದು ಪ್ರಾಣಿಗಳ ಸ್ವಭಾವ. ಕಾಡಿನಲ್ಲಿ ನೋವನ್ನು ತೋರಿಸಿಕೊಂಡ ಮೃಗಕ್ಕೆ ಉಳಿಗಾಲವಿಲ್ಲವಷ್ಟೆ. ಆ ಹಳೆಯ ಎಚ್ಚರವು ಮನೆಯ ಜಗಲಿಯ ಮೇಲೆ ಮಲಗುವ ನಾಯಿಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಬೆಕ್ಕಿನಲ್ಲಿಯೂ, ಇನ್ನೂ ಹೋಗಿಲ್ಲ. ಅಪರಿಚಿತನ ಮೇಜಿನ ಮೇಲೆ ಸಾಯುವ ಸ್ಥಿತಿಯಲ್ಲಿರುವ ಬೆಕ್ಕೂ ಕಿವಿ ನಿಮಿರಿಸಿ ಕುಳಿತುಬಿಡುವುದುಂಟು. ಎಂದಿನಂತೆ ಬಾಗಿಲವರೆಗೆ ಬರಲಿಲ್ಲ, ಎಂದಿನ ಮೂಲೆಯಲ್ಲಿ ಮಲಗಲಿಲ್ಲ, ನೀರಿನ ಬಟ್ಟಲ ಮುಂದೆ ನಿಂತು ಕುಡಿಯದೆ ಹಿಂತಿರುಗಿತು ಎಂಬ ಮಾತುಗಳನ್ನು ವೈದ್ಯನಿಗೆ ಯಾವ ಯಂತ್ರವೂ ಹೇಳಲಾರದು. ಮನೆಯ ಅಜ್ಜಿಯೋ ಮಗುವೋ ಹೇಳಬೇಕು. ಆದಕಾರಣ ಬಡಾವಣೆಯಲ್ಲಿ ಪರಿಚಯವಾದ ಪ್ರತಿಯೊಂದು ಮನೆಯವರಿಗೂ ನಾನು ಒಂದು ಕೆಲಸವನ್ನು ಮೊದಲು ಕಲಿಸಿಕೊಡುತ್ತಿದ್ದೆ: ಪ್ರಾಣಿಯು ಆರೋಗ್ಯವಾಗಿರುವಾಗಲೇ ಅದರ ಮೇಲ್ದುಟಿಯನ್ನೆತ್ತಿ ಒಸಡನ್ನು ನೋಡಿಟ್ಟುಕೊಳ್ಳುವುದು. ಆರೋಗ್ಯದಲ್ಲಿ ಅದು ತಿಳಿಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬಿಳಿಚಿಕೊಂಡಿತೆಂದರೆ ಎಲ್ಲಿಯೋ ರಕ್ತ ಸೋರುತ್ತಿದೆ ಅಥವಾ ರಕ್ತದ ಪರಿಚಲನೆ ಕುಗ್ಗಿದೆ. ನೀಲಿಗಟ್ಟಿತೆಂದರೆ ಪ್ರಾಣವಾಯು ಸಾಲದು. ಇಟ್ಟಿಗೆಯ ಕೆಂಪಾಯಿತೆಂದರೆ ದೇಹವು ಬಿಸಿಲಿನಿಂದಲೋ ನಂಜಿನಿಂದಲೋ ಕುದಿಯುತ್ತಿದೆ. ಅನೇಕ ಪ್ರಾಣಿಗಳು ಉಳಿದುದು ಈ ಒಂದು ಅಭ್ಯಾಸದಿಂದ.

ಎಂಬತ್ತರ ದಶಕದಿಂದಾಚೆಗೆ ನನ್ನ ರಾತ್ರಿಗಳನ್ನು ಅತ್ಯಂತ ಹೆಚ್ಚಾಗಿ ನುಂಗಿದುದು ಪಾರ್ವೊ. ಈ ವಿಷಾಣುವು ಜಗತ್ತಿಗೆ ಪರಿಚಯವಾದುದು 1978ರಲ್ಲಿ; ಬೆಕ್ಕುಗಳ ಒಂದು ಹಳೆಯ ಕಾಯಿಲೆಯ ವಿಷಾಣುವಿಗೆ ಹತ್ತಿರದ ಸಂಬಂಧಿಯಾದ ಇದು ಎರಡೇ ವರ್ಷಗಳಲ್ಲಿ ಸಮುದ್ರಗಳನ್ನು ದಾಟಿ ಎಲ್ಲ ಖಂಡಗಳ ನಾಯಿಮರಿಗಳನ್ನು ಹಿಡಿಯಿತು. ನಾನು ಓದಿದ ಪುಸ್ತಕಗಳಲ್ಲಿ ಅದರ ಹೆಸರೇ ಇರಲಿಲ್ಲ. ಶರೀರದಲ್ಲಿ ಎಲ್ಲಿ ಜೀವಕೋಶಗಳು ವೇಗವಾಗಿ ಹುಟ್ಟುತ್ತವೆಯೋ ಅಲ್ಲಿಗೇ ಅದು ಹೋಗುತ್ತದೆ: ಕರುಳಿನ ಒಳಪದರಕ್ಕೆ ಮತ್ತು ಅಸ್ಥಿಮಜ್ಜೆಗೆ. ಒಳಪದರ ಕಳಚಿ ರಕ್ತದೊಡನೆ ಹೊರಹೋಗುತ್ತದೆ. ಅದೇ ಹೊತ್ತಿಗೆ ಮಜ್ಜೆಯು ಸೊರಗಿ ರಕ್ಷಣೆಗೆ ಬರಬೇಕಾದ ಬಿಳಿಯ ಕಣಗಳು ಕ್ಷೀಣಿಸುತ್ತವೆ. ಕಾವಲಿಲ್ಲದ ಗಡಿಯನ್ನು ದಾಟಿ ಕರುಳಿನ ಸೂಕ್ಷ್ಮಾಣುಗಳು ರಕ್ತವನ್ನು ಸೇರುತ್ತವೆ. ವಿಷಾಣುವನ್ನೇ ಕೊಲ್ಲುವ ಔಷಧ ನಮ್ಮ ಕೈಯಲ್ಲಿರಲಿಲ್ಲ. ವಾಂತಿಭೇದಿಗಳಲ್ಲಿ ಹೋದ ನೀರನ್ನೂ ಲವಣವನ್ನೂ ಹಿಂದಕ್ಕೆ ಕೊಡುತ್ತ, ನಂಜನ್ನು ಔಷಧದಿಂದ ತಡೆಯುತ್ತ, ಮರಿಯ ಶರೀರವು ತನ್ನ ಕೋಟೆಯನ್ನು ತಾನೇ ಕಟ್ಟಿಕೊಳ್ಳುವವರೆಗೆ ಮೂರು ನಾಲ್ಕು ದಿನ ಅದನ್ನು ಉಳಿಸಿಕೊಂಡಿರುವುದೇ ಚಿಕಿತ್ಸೆ. ಹಾಗೆ ಉಳಿಸಿಕೊಂಡರೆ ಹೆಚ್ಚಿನ ಮರಿಗಳು ಬದುಕುತ್ತವೆ. ಕೈಬಿಟ್ಟರೆ ಹೆಚ್ಚಿನವು ಸಾಯುತ್ತವೆ.

ಇಲ್ಲಿ ನನಗೆ ಒಬ್ಬ ಹಿರಿಯರ ನೆನಪು ಬರುತ್ತದೆ. ಅವರು ಯೌವನವನ್ನೆಲ್ಲ ಇಲ್ಲಿನ ಗಿರಣಿಯೊಂದರಲ್ಲಿ ರಾತ್ರಿಪಾಳಿಯ ದುಡಿಮೆಯಲ್ಲಿ ಕಳೆದವರು. ಗಿರಣಿಗಳ ಸದ್ದಡಗಿದ ಮೇಲೆ ಮಗನ ಮನೆಯಲ್ಲಿ, ನಮ್ಮ ಬೀದಿಗೆ ಎರಡು ಅಡ್ಡರಸ್ತೆಗಳಾಚೆ, ಇದ್ದರು. ಮೊಮ್ಮಕ್ಕಳಿಗೆಂದು ತಂದ ಆಲ್ಸೇಶಿಯನ್ ಮಿಶ್ರತಳಿಯ ಮರಿಯನ್ನು ಅವರು ಧೋತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡು ತಂದಾಗ ಅದರ ಕಣ್ಣುಗಳು ಗುಳಿಬಿದ್ದಿದ್ದವು. ಹೆಗಲ ಮೇಲಿನ ಚರ್ಮವನ್ನೆತ್ತಿ ಬಿಟ್ಟರೆ ಅದು ಮಡಿಕೆಯಾಗಿಯೇ ನಿಲ್ಲುತ್ತಿತ್ತು. ತೂಕ 5 ಕಿಲೋ. ನೂರಕ್ಕೆ ಎಂಟರಷ್ಟು ನೀರು ಬತ್ತಿದೆಯೆಂದು ಎಣಿಸಿದರೆ 400 ಮಿಲಿಲೀಟರಿನ ಕೊರತೆ. ದಿನದ ಸಹಜವಾದ ಅಗತ್ಯಕ್ಕೆ ಇನ್ನು 300. ಒಟ್ಟು 700 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟನ್ನು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏರಿಸಬೇಕು, ಹೊಸದಾಗಿ ಹೋದುದನ್ನು ಅದರ ಮೇಲೆ ಸೇರಿಸಬೇಕು. ಗಂಟೆಗೆ ಸುಮಾರು 30 ಮಿಲಿಲೀಟರ್. ಹಸುಳೆಗಳಿಗೆಂದು ಮಾಡಿದ, ಮಿಲಿಲೀಟರಿಗೆ 60 ಹನಿ ಬೀಳಿಸುವ ನಳಿಗೆಯನ್ನು ಆಸ್ಪತ್ರೆಯೆದುರಿನ ಅಂಗಡಿಯಿಂದ ತರಿಸಿದರೆ ಲೆಕ್ಕವು ಸುಲಭವಾಗುತ್ತದೆ: ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ. ಎರಡು ಸೆಕೆಂಡಿಗೊಂದು ಹನಿ ಬೀಳಬೇಕೆಂದು ನಾನು ಆ ಹಿರಿಯರಿಗೆ ಹೇಳಿದೆ. ವೇಗ ಹೆಚ್ಚಿದರೆ ಪುಪ್ಪುಸಕ್ಕೆ ನೀರು ತುಂಬೀತು, ತಗ್ಗಿದರೆ ಮರಿ ಉಳಿಯದು ಎಂದೂ ಹೇಳಿದೆ.

ಅವರು ಗೋಡೆಯ ಗಡಿಯಾರವನ್ನು ಇಳಿಸಿ ಎದುರಿಗಿಟ್ಟುಕೊಂಡು ಕುಳಿತರು. ಯಂತ್ರದ ಮುಂದೆ ಇರುಳುಗಳನ್ನು ಕಳೆದವರ ಎಚ್ಚರ ಎಂಥದೆಂಬುದನ್ನು ನಾನು ಆಗ ಕಂಡೆ. ನೂಲು ಹರಿದ ಕದಿರನ್ನು ಸದ್ದಿನಲ್ಲಿಯೇ ಗುರುತಿಸುವ ಕೆಲಸಗಾರನಂತೆ, ಹನಿಯ ಓಟದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಅವರ ಕೈ ತಾನಾಗಿಯೇ ನಳಿಗೆಯ ಚಕ್ರದ ಮೇಲೆ ಹೋಗುತ್ತಿತ್ತು. ಮರಿ ಕಾಲು ಮಡಿಸಿದರೆ ಹನಿ ನಿಲ್ಲುತ್ತದೆಂಬುದನ್ನು ಕಂಡುಕೊಂಡು ಬೆಂಕಿಕಡ್ಡಿಯ ಪೆಟ್ಟಿಗೆಯ ರಟ್ಟಿನಿಂದ ಅದಕ್ಕೊಂದು ಆಸರೆಪಟ್ಟಿ ಕಟ್ಟಿದರು. ಬಾಟಲಿಯ ದ್ರವ ತಣ್ಣಗಿದ್ದರೆ ಮರಿ ನಡುಗುತ್ತದೆಂದು ನಳಿಗೆಯ ಒಂದು ಸುತ್ತನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟರು. ಪುಸ್ತಕಗಳು ಹೇಳುವ ಕ್ರಮವೂ ಅದೇ. ಆದರೆ ಅವರಿಗೆ ಅದನ್ನು ನಾನು ಹೇಳಿರಲಿಲ್ಲ. ವಾಂತಿ ನಿಲ್ಲುವವರೆಗೆ ಬಾಯಿಗೆ ಏನೂ ಹಾಕಬಾರದೆಂಬುದು ಅಂದಿನ ವಿಧಿ. ವಾಂತಿಯನ್ನು ಔಷಧದಿಂದ ಹದ್ದಿನಲ್ಲಿಟ್ಟು ಬೇಗನೆ ಚೂರುಚೂರಾಗಿ ಆಹಾರ ಕೊಟ್ಟರೆ ಕರುಳು ಬೇಗ ಮಾಯುತ್ತದೆಂಬ ತಿಳಿವಳಿಕೆ ವರ್ಷಗಳ ಮೇಲೆ ಬಂದಿತು, ಆ ಮೇಲೆ ಈ ಕೆಲಸದಲ್ಲಿ ತೊಡಗಿದ ಎಲ್ಲರೂ ಅದನ್ನು ಅನುಸರಿಸಿದೆವು. ಆ ಮರಿಯಂತೂ ನಾಲ್ಕನೆಯ ಬೆಳಗ್ಗೆ ಮಂಡಕ್ಕಿಯ ತಟ್ಟೆಯ ಕಡೆಗೆ ಮೂಗು ಚಾಚಿತು. ಅದು ಬಹುಕಾಲ ಬಾಳಿ, ಆ ಹಿರಿಯರು ತೀರಿಕೊಂಡಾಗ ಅಂಗಳದಲ್ಲಿ ಜನರ ನಡುವೆ ಸುಮ್ಮನೆ ಮಲಗಿದ್ದುದನ್ನು ನಾನು ಕಂಡಿದ್ದೇನೆ.

ದಾವಣಗೆರೆಯ ಸುತ್ತಿನ ಭೂಮಿ ಭದ್ರೆಯ ನಾಲೆಯಿಂದ ಹಸುರಾದ ಭೂಮಿ. ಹರಿಹರದ ಕಡೆಗೆ ಹೋದಂತೆಲ್ಲ ಗದ್ದೆ, ತೋಟ. ಬೆಳೆಯಿದ್ದಲ್ಲಿ ಕೀಟನಾಶಕವೂ ಇರತಕ್ಕದ್ದೇ. ನಾಯಿಯ ಮೈಮೇಲಿನ ಉಣ್ಣೆ ಹೋಗಲೆಂದು ಹೊಲಕ್ಕೆ ತಂದ ಔಷಧವನ್ನೇ ನೀರಿನಲ್ಲಿ ಕಲಸಿ ಮೈಗೆ ಹಚ್ಚುವುದು ಈ ಕಡೆಯ ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಅನಾಹುತ. ಪ್ರೀತಿಯಿಂದ ಮಾಡಿದ ಕೆಲಸವದು. ಗಂಟೆಯೊಳಗೆ ನಾಯಿಯ ಬಾಯಲ್ಲಿ ಜೊಲ್ಲು ನೊರೆನೊರೆಯಾಗಿ ಸುರಿದು, ಕಣ್ಣಪಾಪೆ ಸಾಸಿವೆಯಷ್ಟಾಗಿ, ಮಾಂಸಖಂಡಗಳು ಚರ್ಮದಡಿಯಲ್ಲಿ ಅದುರತೊಡಗಿದಾಗ ಮನೆಯವರು ದಿಗ್ಭ್ರಾಂತರಾಗುತ್ತಿದ್ದರು. ಶ್ವಾಸನಾಳಗಳಲ್ಲಿ ತುಂಬುವ ದ್ರವವೇ ಇಲ್ಲಿ ಮೃತ್ಯುವಿನ ದಾರಿ. ಪ್ರತಿವಿಷವಾದ ಅಟ್ರೋಪಿನ್ ನಮ್ಮಲ್ಲಿ ದೊರೆಯುವುದು ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಮಿನಂತೆ, 20 ಕಿಲೋ ತೂಕದ ನಾಯಿಗೆ ಮೊದಲ ಪ್ರಮಾಣವೇ ಕನಿಷ್ಠ 4 ಮಿಲಿಗ್ರಾಂ, ಅಂದರೆ ಸುಮಾರು ಏಳು ಆಂಪೂಲು, ಮತ್ತೆ ಎದೆಯ ಗೊರಗೊರ ಸದ್ದು ಆರುವವರೆಗೆ ಪುನಃ ಪುನಃ. ಏಳು ಆಂಪೂಲು ಕೇಳಿದಾಗ ಅಂಗಡಿಯವನು ನಂಬದೆ ಚೀಟಿಯನ್ನು ಹಿಂದಿರುಗಿಸಿದುದೂ ಉಂಟು. ಎಲ್ಲಕ್ಕಿಂತ ಮೊದಲು ಆಗಬೇಕಾದ ಕಾರ್ಯವೆಂದರೆ ನಾಯಿಗೆ ಸೋಪು ಹಚ್ಚಿ ಧಾರಾಳವಾಗಿ ನೀರು ಸುರಿದು ತೊಳೆಯುವುದು, ಏಕೆಂದರೆ ಸೂಜಿ ಚುಚ್ಚುತ್ತಿರುವ ಹೊತ್ತಿನಲ್ಲಿಯೂ ವಿಷ ಚರ್ಮದ ಮೂಲಕ ಒಳಗೆ ಹೋಗುತ್ತಲೇ ಇರುತ್ತದೆ. ತೊಳೆಯುವವರು ಕೈಗವಸು ತೊಟ್ಟಿರಬೇಕು. ಹರಿಹರದಾಚೆಯ ಹಳ್ಳಿಯಿಂದ ಬಂದ ರೈತನೊಬ್ಬನು, ನಾನು ಹೇಳುವುದಕ್ಕೆ ಮುಂಚೆಯೇ, ಬರುವ ದಾರಿಯಲ್ಲಿ ನಲ್ಲಿ ಕಂಡಲ್ಲೆಲ್ಲ ನಿಲ್ಲಿಸಿ ನಾಯಿಯ ಮೈ ತೊಳೆದುಕೊಂಡೇ ಬಂದಿದ್ದನು. ಅದರ ಪ್ರಾಣವನ್ನು ಉಳಿಸಿದವನು ಅವನೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಡಾವಣೆಯು ಹೊಸದಾಗಿದ್ದಾಗ ಖಾಲಿ ನಿವೇಶನಗಳು ಹೆಚ್ಚಾಗಿದ್ದವು; ಮಳೆಗಾಲದಲ್ಲಿ ಅಲ್ಲಿ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆಯುತ್ತಿತ್ತು, ಇಲಿಗಳಿದ್ದವು, ಇಲಿಗಳ ಹಿಂದೆ ಹಾವುಗಳೂ ಬರುತ್ತಿದ್ದವು. ಹಾವನ್ನು ಕಂಡ ನಾಯಿ ಹಿಂಜರಿಯುವುದಿಲ್ಲ. ಮೂಗನ್ನೇ ಮುಂದೆ ಚಾಚುತ್ತದೆ, ಕಡಿತವೂ ಮುಖದ ಮೇಲೆಯೇ ಬೀಳುತ್ತದೆ. ಹೀಗೆ ಒಂದು ಆಷಾಢದ ಇರುಳು ಕರಿಯನೆಂಬ ನಾಡನಾಯಿಯನ್ನು ನಾಗರಹಾವು ಕಚ್ಚಿತು. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳಿಗೂ ಒಂದೇ ಆಗಿರುವುದು ಇಂಥ ಹೊತ್ತಿನಲ್ಲಿ ದೊಡ್ಡ ಉಪಕಾರ. ಹಾವನ್ನು ಹುಡುಕುತ್ತ ಕಾಲಹರಣ ಮಾಡಬೇಕಾಗಿಲ್ಲ. ಪ್ರಾಣಿ ಸಣ್ಣದೆಂದು ಪ್ರತಿವಿಷವನ್ನು ತಗ್ಗಿಸುವಂತೆಯೂ ಇಲ್ಲ, ಏಕೆಂದರೆ ಅದು ಎದುರಿಸಬೇಕಾದುದು ಹಾವು ಹೊಯ್ದ ವಿಷವನ್ನು, ಕಚ್ಚಿಸಿಕೊಂಡ ದೇಹದ ತೂಕವನ್ನಲ್ಲ. ಪ್ರತಿವಿಷ ಒಳಸೇರಿತು, ಆದರೆ ನಾಗರನ ವಿಷವು ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆದುಬಿಡುತ್ತದೆ, ಕರಿಯನ ರೆಪ್ಪೆಗಳು ಜೋತು, ಕುತ್ತಿಗೆ ಸಡಿಲವಾಗಿ, ಕಡೆಗೆ ಎದೆಯ ಏರಿಳಿತವೇ ನಿಲ್ಲುತ್ತ ಬಂದಿತು. ಹೃದಯ ಮಾತ್ರ ಗಟ್ಟಿಯಾಗಿ ನಡೆಯುತ್ತಿತ್ತು.

ಆ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದವರು ವೈದ್ಯವಿದ್ಯಾರ್ಥಿಗಳು. ನಾನು ಕರಿಯನ ಗಂಟಲೊಳಗೆ ನಳಿಗೆಯನ್ನಿಳಿಸಿದೆ. ಅವರಲ್ಲೊಬ್ಬನು ಎಲ್ಲಿಂದಲೋ ಆಂಬು ಚೀಲವೊಂದನ್ನು ತಂದನು. ಆರು ಸೆಕೆಂಡಿಗೊಮ್ಮೆ ಒತ್ತಬೇಕು, ಎದೆ ಏರುವುದು ಕಂಡೊಡನೆ ಬಿಡಬೇಕು. ಸರತಿಯ ಮೇಲೆ ಕುಳಿತ ಆ ಹುಡುಗರು ನೀಯೋಸ್ಟಿಗ್ಮಿನ್ ಹಾಗೂ ಅಟ್ರೋಪಿನ್ ಚುಚ್ಚುಮದ್ದುಗಳ ವೇಳೆಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಮುಚ್ಚಲಾಗದ ಕಣ್ಣುಗಳು ಒಣಗದಂತೆ ಮುಲಾಮು ಸವರಿದರು. ಒಂದೇ ಮಗ್ಗುಲಲ್ಲಿ ಮಲಗಿದರೆ ಪುಪ್ಪುಸ ಕುಸಿಯುತ್ತದೆಂದು ಆಗಾಗ ಹೊರಳಿಸಿದರು. ಅಲುಗದೆ ಬಿದ್ದಿರುವ ಆ ಪ್ರಾಣಿಯು ಎಚ್ಚರವಾಗಿಯೇ ಇರುತ್ತದೆ, ಎಲ್ಲವನ್ನೂ ಕೇಳುತ್ತಿರುತ್ತದೆ ಎಂದು ನಾನು ಹೇಳಿದಾಗಿನಿಂದ ಮನೆಯೊಡತಿ ಅದರ ಕಿವಿಯ ಬಳಿ ಕುಳಿತು ಮಾತಾಡುವುದನ್ನು ನಿಲ್ಲಿಸಲೇ ಇಲ್ಲ. ಬೆಳಕು ಹರಿಯುವ ವೇಳೆಗೆ ಚೀಲ ಒತ್ತುತ್ತಿದ್ದ ಹುಡುಗನು ನಡುವೆ ತಾನಾಗಿ ಬಂದ ಒಂದು ಉಸಿರನ್ನು ಕಂಡು ಎಲ್ಲರನ್ನೂ ಎಬ್ಬಿಸಿದನು. ಮನುಷ್ಯವೈದ್ಯವೆಂದೂ ಪಶುವೈದ್ಯವೆಂದೂ ನಾವು ಇಟ್ಟುಕೊಂಡಿರುವ ಎರಡು ಮನೆಗಳ ನಡುವೆ ಗೋಡೆ ಎಷ್ಟು ತೆಳುವಾದುದೆಂಬುದು ಆ ಇರುಳಿನಷ್ಟು ನಿಚ್ಚಳವಾಗಿ ನನಗೆ ಮತ್ತೆಂದೂ ತೋರಲಿಲ್ಲ.

ಬೆಕ್ಕುಗಳ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ನೋಯುತ್ತದೆ, ಏಕೆಂದರೆ ಅವುಗಳನ್ನು ತರುವವರು ತಡವಾಗಿಯೇ ತರುತ್ತಿದ್ದರು. ನಿವೃತ್ತ ಉಪಾಧ್ಯಾಯಿನಿಯೊಬ್ಬರು ತಮ್ಮ ಗಂಡುಬೆಕ್ಕಿಗೆ ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ನೆಕ್ಕಿಸಿದ್ದರು. ಅದು ಮೂಲೆಮೂಲೆಯಲ್ಲಿ ಕುಳಿತು ತಿಣುಕುತ್ತಿದ್ದುದು ಮೂತ್ರಕ್ಕಾಗಿ. ಗಂಡುಬೆಕ್ಕಿನ ಮೂತ್ರನಾಳ ಬಹು ಕಿರಿದು. ಹರಳೋ ಲೋಳೆಯೋ ಅಡ್ಡಬಂದು ಅದು ಮುಚ್ಚಿತೆಂದರೆ ಒಂದೆರಡು ದಿನಗಳಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯವನ್ನೇ ಹಿಡಿದು ನಿಲ್ಲಿಸುತ್ತದೆ. ಬೆಕ್ಕಿನ ಹೃದಯ ವೈದ್ಯನ ಮೇಜಿನ ಮೇಲೆ ನಿಮಿಷಕ್ಕೆ 140ರಿಂದ 220ರವರೆಗೆ ಬಡಿಯಬೇಕು. ನಾನು ಎಣಿಸಿದಾಗ 100 ಮುಟ್ಟಲಿಲ್ಲ. ಗಾಬರಿಗೊಂಡ ಬೆಕ್ಕಿನ ಹೃದಯ ಇಷ್ಟು ನಿಧಾನವಾಗಿದ್ದರೆ ಅದಕ್ಕಿಂತ ಕೆಟ್ಟ ಲಕ್ಷಣ ಇಲ್ಲ. ಕ್ಯಾಲ್ಸಿಯಂ ಗ್ಲುಕೊನೇಟನ್ನು ನಾಳದೊಳಗೆ ಮೆಲ್ಲಮೆಲ್ಲನೆ ಬಿಟ್ಟು ಹೃದಯಕ್ಕೆ ಸ್ವಲ್ಪ ಅವಕಾಶ ಮಾಡಿಕೊಟ್ಟು, ಆ ಅವಕಾಶದಲ್ಲಿ ಅಡ್ಡಿಯನ್ನು ಕಳೆಯಬೇಕು. ಆ ಬೆಕ್ಕು ಉಳಿಯಿತು. ಅದೇ ಬೀದಿಯ ಇನ್ನೊಂದು ಮನೆಯ ಬೆಕ್ಕು ಉಳಿಯಲಿಲ್ಲ. ಮೈ ಬಿಸಿಯಾಗಿದೆಯೆಂದು ಅದಕ್ಕೆ ಜ್ವರದ ಮಾತ್ರೆಯನ್ನು, ಅರ್ಥಾತ್ 500 ಮಿಲಿಗ್ರಾಂ ಪ್ಯಾರಸಿಟಮಾಲನ್ನು, ಹಾಲಿನಲ್ಲಿ ಅರೆದು ಕುಡಿಸಿದ್ದರು. ನಮ್ಮ ಯಕೃತ್ತು ಸುಲಭವಾಗಿ ಕಳೆದುಬಿಡುವ ಆ ಔಷಧವನ್ನು ಬೆಕ್ಕಿನ ಯಕೃತ್ತು ಕಳೆಯಲಾರದು. ಒಂದೇ ಮಾತ್ರೆ ಅದಕ್ಕೆ ಮಾರಕ. ಅಂಥ ಬೆಕ್ಕಿನ ಒಸಡು ಕಂದುಬಣ್ಣಕ್ಕೆ ತಿರುಗಿ ಮುಖ ಊದಿಕೊಳ್ಳುತ್ತದೆ. ಅಸಿಟೈಲ್ ಸಿಸ್ಟೈನ್ ಎಂಬ ಪ್ರತ್ಯೌಷಧವುಂಟು, ಬೇಗನೆ ಬಂದವರಿಗೆ. ನಾಯಿಬೆಕ್ಕುಗಳ ಮೈ ನಮ್ಮ ಮೈಗಿಂತ ಸಹಜವಾಗಿಯೇ ಬೆಚ್ಚಗಿರುತ್ತದೆ, 101 ಅಥವಾ 102 ಡಿಗ್ರಿ ಅವುಗಳಿಗೆ ಜ್ವರವಲ್ಲ ಎಂಬ ಇಷ್ಟು ಸಂಗತಿ ಆ ಮನೆಗೆ ಮುಂಚೆ ತಲುಪಿದ್ದರೆ!

ಚೈತ್ರವೈಶಾಖಗಳ ಬಿಸಿಲಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಈ ಊರಿನವರೆಲ್ಲ ಅದನ್ನು ಬಲ್ಲರು. ನಾಯಿಗೆ ಮೈ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣಿಯಬೇಕು; ಚಪ್ಪಟೆ ಮೂಗಿನ ಪಗ್ ತಳಿಗೆ ಅದೂ ಕಷ್ಟ. ಬಿಸಿಲುಬಡಿದ ನಾಯಿಯನ್ನು ವಾಹನ ಹತ್ತಿಸುವುದಕ್ಕೆ ಮುಂಚೆಯೇ ನೀರಿನಿಂದ ತೋಯಿಸಿ ಗಾಳಿ ಹಾಕಬೇಕು. ತಂಪಾಗಿಸುವ ಕೆಲಸವನ್ನು ವೈದ್ಯನಿಗಾಗಿ ಕಾಯಿಸಿಡಬಾರದು. ಹಾಗೆಯೇ ಹುಚ್ಚುನಾಯಿರೋಗದ ವಿಷಯ: ಲಕ್ಷಣ ತೋರಿದ ನಾಯಿಗೆ ಯಾವ ಚಿಕಿತ್ಸೆಯೂ ಇಲ್ಲ, ಅಲ್ಲಿ ತುರ್ತು ಇರುವುದು ಕಚ್ಚಿಸಿಕೊಂಡ ಮನುಷ್ಯನದು. ಗಾಯವನ್ನು ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಆಮೇಲೆ ಲಸಿಕೆಗೆ ಓಡಿರಿ ಎಂದು ನಾನು ಬೀದಿಯಲ್ಲಿ ನಿಂತು ಕೂಗಿ ಹೇಳಿದ್ದೇನೆ. ಹೊಟ್ಟೆಯ ಮೇಲೆ ಸಾಲುಸಾಲಾಗಿ ಚುಚ್ಚುತ್ತಿದ್ದ ಹಳೆಯ ಲಸಿಕೆಯ ಭಯದಿಂದ ಜನರು ಕಚ್ಚಿಸಿಕೊಂಡುದನ್ನೇ ಮುಚ್ಚಿಡುತ್ತಿದ್ದ ಕಾಲವದು; ಆ ಲಸಿಕೆಯನ್ನು ದೇಶವು 2005ರ ಹೊತ್ತಿಗೆ ಕೈಬಿಟ್ಟುದು ಎಷ್ಟು ಜೀವಗಳನ್ನು ಉಳಿಸಿತೋ.

ಈಗ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೊನ್ನಾಳಿಯ ಮೇಲೆ ಹೋದರೆ ಬೆಂಗಳೂರಿನ ಹಾದಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. 260 ಕಿಲೋಮೀಟರ್ ದೂರದ ಹೆಬ್ಬಾಳವೊಂದೇ ಗತಿಯಾಗಿದ್ದ ದಿನಗಳಲ್ಲಿ ಬಾಡಿಗೆಯ ಕಾರಿನ ಹಿಂದಿನ ಸೀಟಿನಲ್ಲಿ ಹನಿಯ ಬಾಟಲಿಯನ್ನು ಎತ್ತಿಹಿಡಿದುಕೊಂಡು ತುಮಕೂರಿನವರೆಗೆ ಹೋಗಿ ಅಲ್ಲಿಂದ ಹಿಂತಿರುಗಿದವರನ್ನು ನಾನು ಬಲ್ಲೆ. ಇಂದಿನ ತರುಣವೈದ್ಯರ ಕೈಯಲ್ಲಿ ಹೊಟ್ಟೆಯೊಳಗಿನ ರಕ್ತವನ್ನು ತೋರಿಸುವ ಯಂತ್ರವಿದೆ, ಕ್ಷಣದಲ್ಲಿ ಪೊಟ್ಯಾಸಿಯಂ ಹೇಳುವ ಸಾಧನವಿದೆ. ಇವು ಬಂದುದು ನನಗೆ ಪರಮಸಂತೋಷ. ಆದರೆ ಒಂದು ವಸ್ತುವನ್ನು ಮಾತ್ರ ಇನ್ನೂ ಯಾವ ಅಂಗಡಿಯೂ ಮಾರುವುದಿಲ್ಲ: ರಕ್ತ.

ಉಣ್ಣೆಯಿಂದ ಬರುವ ಜ್ವರಗಳಲ್ಲಿ, ಅದರಲ್ಲಿಯೂ ಬೆಬೀಸಿಯದಲ್ಲಿ, ನಾಯಿಯ ಕೆಂಪುಕಣಗಳು ಒಡೆದೊಡೆದು ಕ್ಷಯಿಸಿ, ಒಸಡು ಕಾಗದದಂತಾಗಿ, ನಾಲ್ಕು ಹೆಜ್ಜೆ ನಡೆದರೆ ಕುಸಿಯುವ ಸ್ಥಿತಿಗೆ ಬರುತ್ತದೆ. ರೋಗದ ಔಷಧ ಕೆಲಸ ಮಾಡುವವರೆಗೆ ಅದನ್ನು ನಿಲ್ಲಿಸಬಲ್ಲುದು ಬೇರೊಂದು ನಾಯಿಯ ರಕ್ತ. ನಿಸರ್ಗವು ನಾಯಿಗಳ ವಿಷಯದಲ್ಲಿ ಇಲ್ಲಿ ಉದಾರವಾಗಿದೆ. ಅವುಗಳಲ್ಲಿ ಪರರಕ್ತದ ವಿರುದ್ಧ ಹುಟ್ಟಿನಿಂದ ಬಂದ ಪ್ರಬಲವಾದ ಪ್ರತಿಕಾಯಗಳು ಇಲ್ಲದಿರುವುದರಿಂದ ಮೊದಲ ಸಲದ ರಕ್ತದಾನ ಸಾಮಾನ್ಯವಾಗಿ ಅಪಾಯವಿಲ್ಲದೆ ನಡೆದುಹೋಗುತ್ತದೆ. ಬೆಕ್ಕಿನಲ್ಲಿ ಹಾಗಲ್ಲ, ಗುಂಪು ಹೊಂದದಿದ್ದರೆ ಮೊದಲ ಕೆಲವು ಹನಿಗಳೇ ಕೊಲ್ಲಬಹುದು. 25 ಕಿಲೋ ಮೀರಿದ, ಪ್ರಾಯದ, ಲಸಿಕೆ ಹಾಕಿಸಿದ ಶಾಂತಸ್ವಭಾವದ ನಾಯಿ ಒಂದು ಸಲಕ್ಕೆ 450 ಮಿಲಿಲೀಟರ್ ಕೊಟ್ಟು, ಬಿಸ್ಕತ್ತು ತಿಂದು, ಮನೆಗೆ ನಡೆದುಕೊಂಡು ಹೋಗಬಲ್ಲುದು. ಇದನ್ನು ತಿಳಿದ ಮೇಲೆ ನಾನು ಒಂದು ಪುಸ್ತಕ ಹಿಡಿದು ಬಡಾವಣೆಯ ಬೀದಿಗಳಲ್ಲಿ ಮನೆಮನೆ ತಿರುಗಿ, ಇಂಥ ನಾಯಿಗಳ ಹೆಸರು, ತೂಕ, ಕಡೆಯ ಲಸಿಕೆಯ ದಿನ, ಅರ್ಧರಾತ್ರಿಯಲ್ಲಿ ಕರೆದರೆ ಬರುವರೋ ಇಲ್ಲವೋ ಎಂಬುದನ್ನೆಲ್ಲ ಬರೆದುಕೊಂಡೆ. ಬಾರೆನೆಂದವರು ಬಹಳ ಕಡಮೆ. ತಮ್ಮ ಮನೆಯ ಲ್ಯಾಬ್ರಡಾರಿನ ಕೊರಳಿನಿಂದ ಚೀಲಕ್ಕೆ ಇಳಿಯುವ ರಕ್ತವನ್ನು ನೋಡಲಾರದೆ ಮುಖ ತಿರುಗಿಸಿಕೊಂಡು, ಆದರೂ ಅದರ ತಲೆಯನ್ನು ತೊಡೆಯ ಮೇಲಿಂದ ಇಳಿಸದೆ ಕುಳಿತಿದ್ದ ವ್ಯಾಪಾರಿಯೊಬ್ಬರು, ಯಾರ ನಾಯಿಗೆ ಇದು ಹೋಗುತ್ತಿದೆಯೆಂದು ಕೇಳಲೂ ಇಲ್ಲ. ಅದು ಹೋದುದು ಪಿ.ಬಿ. ರಸ್ತೆಯಲ್ಲಿ ಆಟೋ ಓಡಿಸುವವನು ಸಾಕಿದ್ದ ಒಂದು ಬೀದಿನಾಯಿಗೆ.

ಆ ಪುಸ್ತಕವನ್ನು ನಾನು ಈಗ ನನ್ನ ನೆರೆಯ ತರುಣವೈದ್ಯೆಗೆ ಕೊಟ್ಟಿದ್ದೇನೆ. ವಯಸ್ಸು ಮೀರಿದ ನಾಯಿಗಳ ಹೆಸರನ್ನು ಅವರು ಹೊಡೆದುಹಾಕಿದ್ದಾರೆ, ಹೊಸ ಹೆಸರುಗಳನ್ನು ಸೇರಿಸಿದ್ದಾರೆ, ಬೆಕ್ಕುಗಳಿಗೆ ಬೇರೆ ಹಾಳೆಗಳನ್ನು ತೆಗೆದು ರಕ್ತದ ಗುಂಪನ್ನು ಪರೀಕ್ಷಿಸಿ ಬರೆಯತೊಡಗಿದ್ದಾರೆ. ಹೋದ ವಾರ ಬಂದು, ಹರಿಹರದವರಿಗೂ ಒಂದು ಭಾಗ ತೆರೆಯಬೇಕೆಂದಿದ್ದೇನೆ, ಹದಿನಾಲ್ಕು ಕಿಲೋಮೀಟರ್ ದಾಟಿ ಬರುವಷ್ಟು ಹೊತ್ತು ಕೆಲವು ನಾಯಿಗಳಿಗೆ ಇರುವುದಿಲ್ಲ, ಅಲ್ಲಿ ನಿಮಗೆ ಗುರುತಿನ ಮನೆಗಳಿದ್ದರೆ ಹೇಳಿ ಎಂದು ಕೇಳಿದರು. ನೆನಪಿಗೆ ಬಂದವುಗಳನ್ನೆಲ್ಲ ಹೇಳಿದೆ, ಅವರು ಬರೆದುಕೊಂಡರು.